ಅಮ್ಮನಿಗಿಂತ ಮೊದಲು ಕಂಪ್ಯೂಟರಿಗೆ ಹೇಳಿದ ಮಾತು

ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ ಹದಿನಾರು ವರ್ಷ ತುಂಬದ ಮಕ್ಕಳು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಟಿಕ್‌ಟಾಕ್, ಸ್ನ್ಯಾಪ್‌ಚಾಟ್, ಯೂಟ್ಯೂಬ್, ರೆಡಿಟ್ ಮುಂತಾದ ತಾಣಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ. ನಿಯಮ ಮುರಿದರೆ ದಂಡ ಮಕ್ಕಳಿಗಲ್ಲ, ಅಪ್ಪ ಅಮ್ಮನಿಗೂ ಅಲ್ಲ, ಕಂಪನಿಗಳಿಗೆ. ಅದೂ 4.95 ಕೋಟಿ ಆಸ್ಟ್ರೇಲಿಯನ್ ಡಾಲರುಗಳವರೆಗೆ! ಬ್ರಿಟನ್ನಿನಲ್ಲಿ 2025ರ ಜುಲೈ 25ರಿಂದ ಅಶ್ಲೀಲ ತಾಣಗಳು ಬಂದವರ ವಯಸ್ಸನ್ನು ಪರೀಕ್ಷಿಸಿಯೇ ಒಳಗೆ ಬಿಡಬೇಕು. ಅಂಥದೇ ಟೆಕ್ಸಾಸ್ ಕಾನೂನೊಂದನ್ನು ಅಮೆರಿಕದ ಸುಪ್ರೀಂ ಕೋರ್ಟು 2025ರ ಜೂನ್ 27ರಂದು ಎತ್ತಿಹಿಡಿಯಿತು. ಇನ್ನು ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯಿದೆಯಂತೂ ಹದಿನೆಂಟರೊಳಗಿನವರ ಮಾಹಿತಿಯನ್ನು ಬಳಸಲು ತಂದೆತಾಯಿಯ ಒಪ್ಪಿಗೆ ಬೇಕೆನ್ನುತ್ತದೆ. ಅದರ ನಿಯಮಾವಳಿ 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರಬೇಕಿದೆ.

ನಮ್ಮ ಕೂಟದ ತಂದೆತಾಯಂದಿರಿಗೆ ಇದೆಲ್ಲ ಸಿಹಿಸುದ್ದಿ. ಊಟದ ತಟ್ಟೆಯ ಪಕ್ಕ ಫೋನ್ ಇಟ್ಟುಕೊಂಡು ಕೂರುವ ಮಕ್ಕಳನ್ನು ನೋಡಿ ಬೇಸತ್ತವರು ನಾವೆಲ್ಲ. ಪಾಟ್‌ಲಕ್‌ಗಳಲ್ಲಿ ಬಿಸಿಬೇಳೆಬಾತ್‌ಗಿಂತ ಹೆಚ್ಚು ಖರ್ಚಾಗುವ ವಿಷಯ ಇದೇ. "ಸರ್ಕಾರವಾದರೂ ಹೇಳಿತಲ್ಲ, ನಮ್ಮ ಮಾತಂತೂ ಕೇಳಲ್ಲ" ಎಂಬ ನಿಟ್ಟುಸಿರನ್ನು ನಾವೂ ಬಿಟ್ಟಿದ್ದೇವೆ. ಕಂಪನಿಗಳ ಬಗ್ಗೆ ನಮಗೇನೂ ಕನಿಕರವಿಲ್ಲ.

ಆದರೆ ಓದುಗ ಮಿತ್ರರೇ, ಈ ಕಾನೂನುಗಳೆಲ್ಲದರ ಹಿಂದೆ ಒಂದು ನಂಬಿಕೆ ಇದೆ. ಮಗುವಿಗೆ ಅತ್ಯಂತ ಸುರಕ್ಷಿತ ಜಾಗ ಅದರ ಮನೆ, ಅತ್ಯಂತ ಅಪಾಯದ ಜಾಗ ಹೊರಗಿನ ಅಂತರ್ಜಾಲ ಎಂಬುದು. ಬಹುಪಾಲು ಮಕ್ಕಳ ಮಟ್ಟಿಗೆ ಇದು ನಿಜವೇ. ಒಂದು ಗುಂಪಿನ ಮಕ್ಕಳ ಮಟ್ಟಿಗೆ ಮಾತ್ರ ಕಳೆದ ನಲವತ್ತು ವರ್ಷಗಳ ಇತಿಹಾಸ ಬೇರೆಯದನ್ನು ಹೇಳುತ್ತದೆ. ಅವರು ಸಲಿಂಗಿಗಳು: ಹುಡುಗರನ್ನು ಇಷ್ಟಪಡುವ ಹುಡುಗರು, ಹುಡುಗಿಯರನ್ನು ಇಷ್ಟಪಡುವ ಹುಡುಗಿಯರು. "ನಮ್ಮಲ್ಲಿ ಅಂಥವರು ಯಾರೂ ಇಲ್ಲ" ಎಂದು ಪುಟ ಮುಚ್ಚುವ ಮುನ್ನ ಒಂದು ನಿಮಿಷ ತಾಳಿ. ನೂರಾರು ಕುಟುಂಬಗಳಿರುವ ಯಾವ ಕನ್ನಡ ಕೂಟದಲ್ಲೂ ಇದು ನಿಜವಾಗಿರಲಾರದು. ಇರುವವರು ಹೇಳಿಲ್ಲ, ಅಷ್ಟೇ.

ಯಾಕೆ ಹೇಳಿಲ್ಲ ಎನ್ನುವುದಕ್ಕೆ ನಮ್ಮನ್ನೇ ಹೋಲಿಸಿ ನೋಡಬಹುದು. ನಾವು ಹೊರದೇಶದಲ್ಲಿ ಅಲ್ಪಸಂಖ್ಯಾತರು. ಆದರೂ ನಮ್ಮ ಮಗು ತಾನು ಕನ್ನಡಿಗ ಎಂಬುದನ್ನು ಅಂತರ್ಜಾಲದಲ್ಲಿ ಹುಡುಕಿ ತಿಳಿಯಬೇಕಾಗಿಲ್ಲ. ಮನೆಯಲ್ಲಿ ಅಮ್ಮ ಇದ್ದಾಳೆ, ಬೇಸಿಗೆಗೆ ಬರುವ ಅಜ್ಜಿ ಇದ್ದಾಳೆ, ನವೆಂಬರಿನಲ್ಲಿ ರಾಜ್ಯೋತ್ಸವ ಇದೆ, ಭಾನುವಾರದ ಕನ್ನಡ ಕಲಿ ತರಗತಿ ಇದೆ. ಶಾಲೆಯಲ್ಲಿ ಯಾರಾದರೂ ಅವನ ಹೆಸರನ್ನೋ ಡಬ್ಬಿಯ ಊಟವನ್ನೋ ಆಡಿಕೊಂಡರೆ ಸಂಜೆ ಮನೆಗೆ ಬಂದು ಅಳಬಹುದು. ಮನೆಯವರೆಲ್ಲ ಅವನ ಕಡೆಯವರೇ. ಸಲಿಂಗಿ ಮಗುವಿಗೆ ಈ ಸೌಲಭ್ಯ ಇಲ್ಲ. ಅದರ ಅಪ್ಪ ಅಮ್ಮ, ಅಣ್ಣ ತಂಗಿ, ಅಜ್ಜ ಅಜ್ಜಿ ಯಾರೂ ಸಾಮಾನ್ಯವಾಗಿ ಅದರಂತಲ್ಲ. ತನ್ನಂಥವರು ಹಿಂದೆ ಹೇಗೆ ಬದುಕಿದರು ಎಂದು ಹೇಳುವ ಹಿರಿಯರು ಮನೆಯಲ್ಲಿಲ್ಲ. ಶಾಲೆಯಲ್ಲಿ ಆಡಿಕೊಂಡರೆ ಮನೆಗೆ ಬಂದು ಹೇಳುವಂತೆಯೂ ಇಲ್ಲ, ಏಕೆಂದರೆ ಯಾವ ಕಾರಣಕ್ಕೆ ಆಡಿಕೊಂಡರು ಎಂಬುದನ್ನೇ ಮುಚ್ಚಿಡಬೇಕು. ಹೀಗಾಗಿ ಅದು ತನ್ನವರನ್ನು ಹೊರಗೇ ಹುಡುಕಬೇಕು. ಹುಡುಕುವುದು ಎಲ್ಲಿ?

ಮಾಹಿತಿ ತಂತ್ರಜ್ಞಾನದಲ್ಲಿ ಅನ್ನ ಕಾಣುವ ನಮ್ಮಲ್ಲಿ ಹಲವರಿಗೆ ಯೂಸ್‌ನೆಟ್ ನೆನಪಿರಬಹುದು. ವರ್ಲ್ಡ್ ವೈಡ್ ವೆಬ್ ಹುಟ್ಟುವುದಕ್ಕೂ ಮುಂಚೆ ವಿಶ್ವವಿದ್ಯಾಲಯಗಳ ಗಣಕಗಳ ನಡುವೆ ಓಡಾಡುತ್ತಿದ್ದ ಚರ್ಚಾಗುಂಪುಗಳು ಅವು. ಅದರಲ್ಲಿ 1983ರಲ್ಲಿ ಸ್ಟೀವ್ ಡೈಯರ್ ಎಂಬಾತ 'ನೆಟ್ ಡಾಟ್ ಮಾಟ್ಸ್' ಎಂಬ ಗುಂಪೊಂದನ್ನು ಶುರುಮಾಡಿದ. 'ಒಂದೇ ಲಿಂಗದ ಸದಸ್ಯರು' ಎನ್ನುವುದರ ಇಂಗ್ಲಿಷ್ ಮೊದಲಕ್ಷರಗಳವು. ಹೆಸರು ಬೇಕೆಂದೇ ಸಪ್ಪೆ! ಪಕ್ಕದ ಟರ್ಮಿನಲ್ಲಿನವನು ಇಣುಕಿದರೂ ಏನೆಂದು ತಿಳಿಯಬಾರದಲ್ಲ. ಹೆಂಗಸರಿಗಾಗಿ 'ಸ್ಯಾಫೋ' ಎಂಬ ಮಿಂಚಂಚೆ ಕೂಟ 1987ರಲ್ಲಿ ಬಂತು. ಅಂತರ್ಜಾಲ ಎಂಬ ಮನೆಗೆ ಮೊದಮೊದಲು ಒಕ್ಕಲು ಬಂದವರಲ್ಲಿ ಸಲಿಂಗಿಗಳೂ ಇದ್ದರು ಎಂದರೆ ಉತ್ಪ್ರೇಕ್ಷೆಯಲ್ಲ. ಬೇರೆಯವರಿಗೆ ಅದು ಅನುಕೂಲವಾಗಿತ್ತು, ಇವರಿಗೆ ಅನಿವಾರ್ಯವಾಗಿತ್ತು.

ಭಾರತೀಯರ ಕತೆ ಕಾಗದದಿಂದ ಶುರುವಾಯಿತು, ಅದೂ ನಮ್ಮ ನಡುವಿನಿಂದಲೇ. 1986ರಲ್ಲಿ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಅರವಿಂದ ಕುಮಾರ್ ಮತ್ತು ಸುವೀರ್ ದಾಸ್ ಸೇರಿ 'ತ್ರಿಕೋನ್' ಸಂಘವನ್ನೂ ಪತ್ರಿಕೆಯನ್ನೂ ಆರಂಭಿಸಿದರು. ದಕ್ಷಿಣ ಏಷ್ಯಾದ ಸಲಿಂಗಿಗಳಿಗಾಗಿ ಇದ್ದ ಪತ್ರಿಕೆ ಅದು. ಮುಂಬಯಿಯಲ್ಲಿ ಅಶೋಕ್ ರಾವ್ ಕವಿ ಅವರ 'ಬಾಂಬೆ ದೋಸ್ತ್' ಬಂದದ್ದು 1990ರಲ್ಲಿ. ಅಂದರೆ ಊರಿನಲ್ಲಿ ಬಾಯಿಬಿಡಲಾಗದ ಮಾತಿಗೆ ಮೊದಲು ಜಾಗ ಕೊಟ್ಟವರಲ್ಲಿ ಅನಿವಾಸಿಗಳೂ ಇದ್ದಾರೆ. ನಮ್ಮ ಸಂಘಗಳ ಇತಿಹಾಸ ಬರೆಯುವಾಗ ಈ ಸಾಲು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ಅಂಥ ಪತ್ರಿಕೆಯನ್ನು ಅಂಚೆಯಲ್ಲಿ ತರಿಸಿಕೊಳ್ಳುವುದು ಸುಲಭವೇ? ಒಟ್ಟು ಕುಟುಂಬದ ಮನೆಗೆ ಬರುವ ಲಕೋಟೆಯನ್ನು ಯಾರು ಬೇಕಾದರೂ ಒಡೆಯಬಹುದು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲವನ್ನು ತೆರೆದಾಗ ಬದಲಾದದ್ದು ಇದೇ. ಲಕೋಟೆ ಇಲ್ಲದ ಪತ್ರ, ವಿಳಾಸ ಇಲ್ಲದ ವಿಳಾಸ. 1998ರಲ್ಲಿ 'ಗೇ ಬಾಂಬೆ' ಅಂತರ್ಜಾಲದಲ್ಲಿಯೇ ಹುಟ್ಟಿ ಆಮೇಲೆ ಊರಲ್ಲಿ ಭೇಟಿ, ಊಟ, ಪಾರ್ಟಿ, ತಂದೆತಾಯಂದಿರ ಸಭೆಗಳವರೆಗೆ ಬೆಳೆಯಿತು. (ಈ ಬಗ್ಗೆ ಪರ್ಮೇಶ್ ಶಹಾನಿ 2008ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ.) ಬೆಂಗಳೂರಿನಲ್ಲಿ ಇದಕ್ಕೂ ಮುಂಚೆ, 1994ರಿಂದಲೇ 'ಗುಡ್ ಆಸ್ ಯೂ' ಎಂಬ ಗುಂಪಿನವರು ಮುಖತಃ ಸೇರುತ್ತಿದ್ದರು. 1999ರಲ್ಲಿ 'ಸಂಗಮ' ಮತ್ತು 'ಸ್ವಭಾವ' ಸಂಸ್ಥೆಗಳು ಬಂದವು. ಆದರೆ ಬೆಂಗಳೂರಿನಲ್ಲಿ ಇಂಥದೊಂದು ಗುಂಪು ಇದೆ ಎಂದು ದಾವಣಗೆರೆಯ ಹುಡುಗನಿಗೆ ತಿಳಿಯುವುದು ಹೇಗೆ? ಅದಕ್ಕೆ ಸೈಬರ್ ಕೆಫೆಯೇ ಆಗಬೇಕಿತ್ತು. ಗಂಟೆಗೆ ಇಷ್ಟೆಂದು ದುಡ್ಡು ಕೊಟ್ಟು, ಪ್ಲೈವುಡ್ ಗೂಡಿನೊಳಗೆ ಕೂತು, ಹಿಂದೆ ಯಾರಾದರೂ ಬಂದರೆ ತಟ್ಟನೆ ಕ್ರಿಕೆಟ್ ಸ್ಕೋರಿನ ಪುಟಕ್ಕೆ ಹಾರುವ ಕಲೆ ಒಂದು ತಲೆಮಾರಿಗೆ ಕರಗತವಾಗಿತ್ತು. ಆ ಗೂಡಿಗೂ ಕಾಲ ಬಂತು. 2011ರ ಕೇಂದ್ರ ನಿಯಮಗಳು ಕೆಫೆಗೆ ಬಂದವರ ಗುರುತಿನ ಚೀಟಿ ಕೇಳಬೇಕೆಂದವು, ಗೂಡಿನ ಗೋಡೆ ನಾಲ್ಕೂವರೆ ಅಡಿ ಮೀರಬಾರದೆಂದವು. ಅಷ್ಟರಲ್ಲಿ ಅಂತರ್ಜಾಲ ಜೇಬಿಗೇ ಇಳಿಯತೊಡಗಿತ್ತು ಎನ್ನಿ.

ಈ ಗೂಡುಗಳಲ್ಲಿ ಏನು ನಡೆಯುತ್ತಿತ್ತು? ಬರೀ ಕೆಟ್ಟ ಚಿತ್ರ ನೋಡುವುದು ಎಂದು ಹಿರಿಯರು ಅಂದುಕೊಂಡರು. ಅದೂ ಇತ್ತು, ಇಲ್ಲವೆನ್ನಲು ನಾವು ಹೋಗುವುದಿಲ್ಲ. ಆದರೆ ಸಲಿಂಗಿಯೊಬ್ಬ ತನ್ನನ್ನು ತಾನು ಅರಿಯುವ ಬಗೆ ಆ ಕೂಟಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು. ಮೊದಲು ತಿಂಗಳುಗಟ್ಟಲೆ ಸುಮ್ಮನೆ ಓದುವುದು, ಒಂದಕ್ಷರ ಬರೆಯದೆ. ಆಮೇಲೆ ಸುಳ್ಳು ಹೆಸರೊಂದನ್ನು ಇಟ್ಟುಕೊಂಡು ಒಂದು ಪ್ರಶ್ನೆ. ಪ್ರಶ್ನೆಗಳೂ ಬಹುಮಟ್ಟಿಗೆ ಅವೇ: ಇದು ಕಾಯಿಲೆಯೇ? ಮದುವೆಯಾದರೆ ಸರಿಹೋಗುತ್ತದೆಯೇ? ಮನೆಯಲ್ಲಿ ಹುಡುಗಿ ನೋಡುತ್ತಿದ್ದಾರೆ, ಏನೆಂದು ನೆಪ ಹೇಳಲಿ? ಉತ್ತರಿಸುವವರು ವೈದ್ಯರೂ ಅಲ್ಲ, ವಕೀಲರೂ ಅಲ್ಲ. ಅದೇ ಪ್ರಶ್ನೆಯನ್ನು ಐದು ವರ್ಷ ಮೊದಲು ಕೇಳಿದವರು. ಆ ಮೇಲೆ ಒಂದು ಫೋನ್, ಎಲ್ಲೋ ಒಂದು ಕಾಫಿ, ಎದುರು ಕೂತ ಮನುಷ್ಯ ನೋಡಲು ಪಕ್ಕದ ಮನೆಯ ರಾಘು ತರಹವೇ ಇದ್ದಾನಲ್ಲ ಎಂಬ ಆಶ್ಚರ್ಯ. ಕೊನೆಗೆ, ಎಲ್ಲರಿಗಲ್ಲ, ಕೆಲವರಿಗೆ ಮಾತ್ರ, ಸ್ವಂತ ಹೆಸರಿನಲ್ಲಿ ಸ್ವಂತ ಮನೆಯಲ್ಲಿ ಆ ಮಾತು.

ಅಂತರ್ಜಾಲ ಯಾರನ್ನೂ ಸಲಿಂಗಿ ಮಾಡಲಿಲ್ಲ. ಈ ಮಾತು ಬರೆಯಬೇಕಾಗಿ ಬಂದದ್ದಕ್ಕೆ ಕಾರಣವಿದೆ. "ಅಮೆರಿಕಕ್ಕೆ ಬಂದು ಕೆಟ್ಟ", "ಇಂಟರ್ನೆಟ್ ನೋಡಿ ಕೆಟ್ಟಳು" ಎನ್ನುವುದನ್ನು ಓದಿದವರ ಬಾಯಲ್ಲೇ ಕೇಳಿದ್ದೇವೆ. ಭಾರತೀಯ ದಂಡಸಂಹಿತೆಯ 377ನೇ ಕಲಂ ಬಂದದ್ದು 1860ರ ಸಂಹಿತೆಯಲ್ಲಿ, ಮೆಕಾಲೆಯ ಕರಡಿನಿಂದ ಬೆಳೆದ ಬ್ರಿಟಿಷರ ಕಾನೂನು ಅದು. 1860ರಲ್ಲಿ ಶಿಕ್ಷೆ ಗೊತ್ತುಮಾಡಬೇಕಾದರೆ ಶಿಕ್ಷೆಗೆ ಒಳಗಾಗುವ ಜನ ಆಗಲೇ ಇದ್ದಿರಬೇಕಲ್ಲ? ಆಗ ಮೋಡೆಮ್ ಇರಲಿಲ್ಲ! ಆ ಆಸೆ, ಆ ಒಲವು ನಮ್ಮ ಊರುಗಳಲ್ಲಿ ಇದ್ದೇ ಇತ್ತು. ಆದರೆ ಅದಕ್ಕೆ ಹೆಸರಿರಲಿಲ್ಲ, ಅದೊಂದು ಬದುಕಾಗಬಹುದು ಎಂಬ ಕಲ್ಪನೆ ಇರಲಿಲ್ಲ. ಕಾಲಕ್ಕೆ ಸರಿಯಾಗಿ ಮದುವೆ ಆಗುತ್ತಿತ್ತು, ಮಕ್ಕಳೂ ಆಗುತ್ತಿದ್ದವು, ಒಳಗಿನದು ಒಳಗೇ ಇರುತ್ತಿತ್ತು. ಆ ಮನೆಯ ಹೆಂಡತಿಯ ಪಾಡೇನು ಎಂದು ಯಾರೂ ಕೇಳುತ್ತಿರಲಿಲ್ಲ. ಅಂತರ್ಜಾಲದ ಕೂಟಗಳು ಕೊಟ್ಟದ್ದು ಎರಡೇ: ಒಂದು ಹೆಸರು, ಮತ್ತೊಂದು ಎಣಿಕೆ. ನೀನು ಒಬ್ಬನೇ ಅಲ್ಲ ಎಂಬ ಎಣಿಕೆ. 'ನಾನು ಹೀಗೆ ಮಾಡುತ್ತೇನೆ' ಎನ್ನುವುದು 'ನಾನು ಹೀಗಿದ್ದೇನೆ' ಎಂದಾದದ್ದು ಅಲ್ಲಿಯೇ. ಗುರುತು ಎಂದು ನಾವು ಕರೆಯುವುದು ಇದನ್ನೇ.

ಎಲ್ಲವೂ ಚೆನ್ನಾಗಿತ್ತು ಎಂದರೆ ಸುಳ್ಳಾಗುತ್ತದೆ. 2006ರ ಜನವರಿಯಲ್ಲಿ ಲಖನೌ ಪೊಲೀಸರು ಸಲಿಂಗಿಗಳ ತಾಣವೊಂದಕ್ಕೆ ತಾವೇ ವೇಷ ಹಾಕಿಕೊಂಡು ನುಗ್ಗಿ, ಒಬ್ಬನನ್ನು ಬಲೆಗೆ ಕೆಡವಿ, ಅವನ ಮೂಲಕ ಇತರರನ್ನೂ ಕರೆಸಿ ನಾಲ್ವರನ್ನು ಬಂಧಿಸಿದರು. ಸುಳ್ಳು ಹೆಸರಿನ ರಕ್ಷಣೆ ಎರಡೂ ಕಡೆಗೆ ಕೊಯ್ಯುವ ಕತ್ತಿ ಎಂದು ಅಂದು ಎಲ್ಲರಿಗೂ ಅರಿವಾಯಿತು. ಪೊಲೀಸರ ಜಾಗದಲ್ಲಿ ಇಂದು ಸುಲಿಗೆಕೋರರಿದ್ದಾರೆ. ಆ್ಯಪ್‌ನಲ್ಲಿ ಪರಿಚಯ ಮಾಡಿಕೊಂಡು, ಕರೆಸಿಕೊಂಡು, ಮನೆಯವರಿಗೆ ಹೇಳುತ್ತೇವೆಂದು ಹೆದರಿಸಿ ದುಡ್ಡು ಕೀಳುವ ಪ್ರಕರಣಗಳು ಭಾರತದ ನಗರಗಳಿಂದ ವರದಿಯಾಗುತ್ತಲೇ ಇವೆ. ಗಮನಿಸಿ, ಆ ಬೆದರಿಕೆಯ ಬಲ ಎಲ್ಲಿದೆ? 'ಮನೆಯವರಿಗೆ ಹೇಳುತ್ತೇವೆ' ಎಂಬುದರಲ್ಲಿ. ಮನೆಗೆ ಮೊದಲೇ ತಿಳಿದಿದ್ದರೆ ಸುಲಿಗೆಕೋರನ ಅರ್ಧ ಬಂಡವಾಳ ಮುಳುಗಿತು.

ಅಮೆರಿಕದ ನಮ್ಮವರಿಗೆ 2010ರ ಸೆಪ್ಟೆಂಬರ್ ಮರೆತಿರಲಾರದು. ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಭಾರತೀಯ ಮೂಲದ ವಿದ್ಯಾರ್ಥಿಯೊಬ್ಬ ತನ್ನ ಕೋಣೆಯ ಜೊತೆಗಾರ ಟೈಲರ್ ಕ್ಲೆಮೆಂಟಿಯ ಖಾಸಗಿ ಕ್ಷಣಗಳನ್ನು ವೆಬ್‌ಕ್ಯಾಮ್ ಮೂಲಕ ಇಣುಕಿ ನೋಡಿದ, ಅದನ್ನು ಟ್ವಿಟರಿನಲ್ಲಿ ಹೇಳಿಕೊಂಡ. ದಿನಗಳಲ್ಲೇ ಟೈಲರ್ ತೀರಿಕೊಂಡ. ಹದಿನೆಂಟರ ಹುಡುಗ. 2012ರಲ್ಲಿ ಶಿಕ್ಷೆ, 2016ರಲ್ಲಿ ಮೇಲ್ಮನವಿ ನ್ಯಾಯಾಲಯದಿಂದ ಆ ತೀರ್ಪು ರದ್ದು, ಬಳಿಕ ಒಂದು ಆರೋಪಕ್ಕೆ ತಪ್ಪೊಪ್ಪಿಗೆ, ಹೀಗೆ ಕಾನೂನಿನ ಕತೆ ಮುಗಿಯಿತು. ಆಗ ನಮ್ಮ ಸಮುದಾಯದಲ್ಲಿ ನಡೆದ ಮಾತೆಲ್ಲ "ನಮ್ಮ ಹುಡುಗನನ್ನು ಗಡೀಪಾರು ಮಾಡಿಬಿಡುತ್ತಾರಾ" ಎಂಬುದರ ಸುತ್ತಲೇ ಇತ್ತು. ಆ ಆತಂಕ ಸಹಜ. ಆದರೆ ನಮ್ಮ ಮಕ್ಕಳಲ್ಲಿ ಇನ್ನೊಂದು ಮಂಚದ ಮೇಲೆ ಮಲಗಿದ್ದವನಂಥವರೂ ಇದ್ದಾರೆ ಎಂಬ ಮಾತು ಆಗ ಕೇಳಿದ ನೆನಪು ನಮಗಿಲ್ಲ. ತೀರಿಕೊಳ್ಳುವ ಮುನ್ನ ಟೈಲರ್ ಸಲಿಂಗಿಗಳ ಅಂತರ್ಜಾಲ ಕೂಟವೊಂದರಲ್ಲಿ ಏನು ಮಾಡಲಿ ಎಂದು ಕೇಳಿದ್ದ. ಗುರುತಿಲ್ಲದವರು ದೂರು ಕೊಡು ಎಂದು ಸರಿಯಾದ ಸಲಹೆಯನ್ನೇ ಕೊಟ್ಟಿದ್ದರು, ಅವನು ಕೋಣೆ ಬದಲಿಸಿಕೊಡಿ ಎಂದು ಕೇಳಿಯೂ ಇದ್ದ. ಅಂತರ್ಜಾಲದ ಕೂಟ ಏನು ಮಾಡಬಲ್ಲದು, ಏನು ಮಾಡಲಾರದು, ಎರಡೂ ಅಲ್ಲಿ ಕಾಣುತ್ತವೆ.

ಈ ವಿಷಯದಲ್ಲಿ ಕನ್ನಡ ಎಲ್ಲಿತ್ತು ಎಂದು ಯಾರಾದರೂ ಕೇಳಿದರೆ ಉತ್ತರ ಬಹಳ ಕಾಲ 'ಎಲ್ಲೂ ಇಲ್ಲ' ಎಂದೇ ಇತ್ತು. ಈ ಕೂಟಗಳು ಬೆಳೆದ ವರ್ಷಗಳಲ್ಲಿ ಕನ್ನಡದಲ್ಲಿ ಮಿಂಚಂಚೆ ಬರೆಯುವುದೇ ಒಂದು ಸಾಹಸ. ಶೇಷಾದ್ರಿವಾಸು ಅವರ 'ಬರಹ' ಬಂದದ್ದು 1998ರಲ್ಲಿ. ಅದಿದ್ದರೂ ಕಳುಹಿಸಿದ್ದು ಅತ್ತ ಕಡೆಯವರಿಗೆ ಚೌಕ ಚೌಕವಾಗಿ ಕಾಣುತ್ತಿದ್ದ ದಿನಗಳು ನಮಗೆ ಗೊತ್ತು. ಅದಕ್ಕಿಂತ ದೊಡ್ಡ ತೊಡಕು ಪದಗಳದು. ಹುಡುಗನೊಬ್ಬನಿಗೆ ಕನ್ನಡದಲ್ಲಿ ತನ್ನ ಬಗ್ಗೆ ಗೊತ್ತಿದ್ದ ಮಾತುಗಳೆಲ್ಲ ಬೈಗುಳಗಳೇ. ಪತ್ರಿಕೆಗಳು 'ಸಲಿಂಗಕಾಮಿ' ಎಂದವು. ಅದರಲ್ಲಿ ಕಾಮ ಒಂದೇ ಇದೆ, ಪ್ರೀತಿಗೆ, ಜೊತೆಗೆ, ಜ್ವರ ಬಂದಾಗ ಗಂಜಿ ಮಾಡಿಕೊಡುವುದಕ್ಕೆ ಜಾಗವೇ ಇಲ್ಲ. ನಮ್ಮನ್ನಾದರೂ 'ಭಿನ್ನಲಿಂಗಕಾಮಿ ದಂಪತಿಗಳೇ ಬನ್ನಿ' ಎಂದು ಯಾರೂ ಗೃಹಪ್ರವೇಶಕ್ಕೆ ಕರೆಯುವುದಿಲ್ಲ! 'ಲೈಂಗಿಕ ಅಲ್ಪಸಂಖ್ಯಾತರು' ಎಂಬುದು ಹೋರಾಟದ, ಕಚೇರಿಯ ಪದ, ಮಗ ತಾಯಿಗೆ ಹೇಳುವ ಪದವಲ್ಲ. ಈ ಲೇಖನದಲ್ಲಿ ನಾವು 'ಸಲಿಂಗಿ' ಎಂದದ್ದು ಇರುವುದರಲ್ಲಿ ಮೇಲು ಎಂಬ ಕಾರಣಕ್ಕೆ, ತೃಪ್ತಿಯಿಂದಲ್ಲ.

ಪರಿಣಾಮ ಏನಾಯಿತೆಂದರೆ, ಮಗ ತಾನು ಯಾರೆಂಬುದನ್ನು ಇಂಗ್ಲಿಷಿನಲ್ಲಿ ಕಟ್ಟಿಕೊಂಡ, ಮನೆ ಕನ್ನಡದಲ್ಲೇ ಉಳಿಯಿತು. ಬೆಂಗಳೂರಿನ ಹುಡುಗನಿಗೆ ಇದು ಕಷ್ಟ. ನಮ್ಮ ಮಕ್ಕಳಿಗೆ ಎರಡರಷ್ಟು ಕಷ್ಟ. ಅವರ ಕನ್ನಡ ಅಡುಗೆಮನೆಯ ಕನ್ನಡ: ಹಸಿವಾಯ್ತು, ಸಾಕು, ಆಮೇಲೆ ಮಾಡ್ತೀನಿ, ಅಜ್ಜಿಗೆ ನಮಸ್ಕಾರ. ಅದರಲ್ಲಿ ಇಂಥ ಮಾತನ್ನು ಹೇಳುವುದು ಹೇಗೆ? ಇಂಗ್ಲಿಷಿನಲ್ಲಿ ಹೇಳಿದರೆ ಅಪ್ಪ ಅಮ್ಮನ ಕಿವಿಗೆ ಅದು ಪರದೇಶದ ರೋಗದಂತೆ ಕೇಳುತ್ತದೆ. ಇಡೀ ಸಮಸ್ಯೆ ಇಲ್ಲಿಯೇ ಗಂಟುಬಿದ್ದಿದೆ ಎಂದು ನಮ್ಮ ಅನಿಸಿಕೆ. ಅಂತರ್ಜಾಲ ಮಗುವಿಗೆ ಪದ ಕಲಿಸಿತು, ಮನೆಯಲ್ಲಿ ಆ ಪದವನ್ನು ಕೇಳಿಸಿಕೊಳ್ಳುವ ಭಾಷೆ ತಯಾರಾಗಿರಲಿಲ್ಲ.

2013ರಲ್ಲಿ ಸ್ವಲ್ಪ ಗಾಳಿ ಬೀಸಿತು. ಬಳ್ಳಾರಿ ಸೀಮೆಯ ಸಂಡೂರಿನವರಾದ, ಸಾಫ್ಟ್‌ವೇರ್ ಕಂಪನಿಗಳಲ್ಲಿ ಹಲವು ವರ್ಷ ದುಡಿದ ವಸುಧೇಂದ್ರ 'ಮೋಹನಸ್ವಾಮಿ' ಕಥಾಸಂಕಲನ ತಂದರು, ತಾವೂ ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡರು. ಅಷ್ಟರಲ್ಲಾಗಲೇ ಅವರು ಕನ್ನಡದ ಓದುಗರಿಗೆ ಚಿರಪರಿಚಿತರು, ತಾಯಿಯ ಬಗ್ಗೆ ಬರೆದು ಓದುಗರನ್ನು ಅಳಿಸಿದವರು. ಹೀಗಾಗಿ 'ಅವರು ಬೇರೆ, ನಾವು ಬೇರೆ' ಎನ್ನಲು ಅವಕಾಶ ಇರಲಿಲ್ಲ. ಆ ಪುಸ್ತಕ ಬಂದ ಮೇಲೆ ರಾಜ್ಯದ ಸಣ್ಣ ಊರುಗಳಿಂದ ಹುಡುಗರು ತಮ್ಮನ್ನು ಹುಡುಕಿಕೊಂಡು ಮಾತಾಡತೊಡಗಿದ್ದನ್ನು ಅವರು ಹೇಳಿಕೊಂಡಿದ್ದಾರೆ. ಅಂತರ್ಜಾಲದ ಇಂಗ್ಲಿಷ್ ಕೂಟಗಳು ತಲುಪದಿದ್ದವರು ಅವರು. ನಮ್ಮಲ್ಲಿ ಯಾರ ಮನೆಯಲ್ಲಾದರೂ ಈ ಪುಸ್ತಕ ಇದ್ದರೆ ಅದು ಕಪಾಟಿನಲ್ಲಿ ಕಾಣುವಂತೆ ಇರಲಿ. ಬೆನ್ನಿನ ಮೇಲಿನ ಹೆಸರನ್ನು ಓದುವಷ್ಟು ಕನ್ನಡ ಬರುವ ಮಗುವೊಂದು ಅದನ್ನು ನೋಡೀತು.

ನ್ಯಾಯಾಲಯಗಳ ಕತೆ ಬಹುಮಂದಿಗೆ ಗೊತ್ತಿರುವುದರಿಂದ ಬೇಗ ಮುಗಿಸುತ್ತೇವೆ. ದೆಹಲಿ ಹೈಕೋರ್ಟು 2009ರ ಜುಲೈ 2ರಂದು 377ರ ಹಲ್ಲು ಕಿತ್ತಿತು, ಸುಪ್ರೀಂ ಕೋರ್ಟು 2013ರ ಡಿಸೆಂಬರ್ 11ರಂದು ಆ ಹಲ್ಲನ್ನು ಮರಳಿ ಜೋಡಿಸಿತು. 2017ರ ಆಗಸ್ಟ್ 24ರ ಖಾಸಗಿತನದ ತೀರ್ಪು ದಾರಿ ತೆರೆಯಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆಧಾರ್ ವಿರುದ್ಧ. ಅದರಿಂದ ಸಲಿಂಗಿಗಳಿಗೆ ನ್ಯಾಯ ಸಿಕ್ಕೀತೆಂದು ಯಾರಿಗೆ ಗೊತ್ತಿತ್ತು! 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದು ಐವರು ನ್ಯಾಯಮೂರ್ತಿಗಳ ಪೀಠ ಸಾರಿತು. ಅಲ್ಲಿ ಅರ್ಜಿ ಹಾಕಿದವರಲ್ಲಿ ಐಐಟಿಗಳಲ್ಲಿ ಓದಿದ 20 ಮಂದಿ ಇದ್ದರು. 'ಪ್ರವೃತ್ತಿ' ಎಂಬ ಅನೌಪಚಾರಿಕ ಗುಂಪಿನವರು, ಬೇರೆ ಬೇರೆ ಊರುಗಳಲ್ಲಿ ಚದುರಿದ್ದವರು, ಅಂತರ್ಜಾಲದ ಮೂಲಕ ಬೆಸೆದುಕೊಂಡವರು. ಸುಳ್ಳು ಹೆಸರಿನಲ್ಲಿ ಪ್ರಶ್ನೆ ಕೇಳುತ್ತಿದ್ದ ತಲೆಮಾರು ಸ್ವಂತ ಹೆಸರಿನಲ್ಲಿ, ಅದೂ ಅಪರಾಧವೆಂದು ಕಾನೂನು ಹೇಳುತ್ತಿದ್ದಾಗಲೇ, ದೇಶದ ಅತಿ ದೊಡ್ಡ ನ್ಯಾಯಾಲಯಕ್ಕೆ ಸಹಿ ಹಾಕಿ ಕೊಟ್ಟಿತು.

ಮದುವೆಯ ವಿಷಯಕ್ಕೆ ಬಂದರೆ, 2023ರ ಅಕ್ಟೋಬರ್ 17ರಂದು ಅದೇ ನ್ಯಾಯಾಲಯ ಸಲಿಂಗಿಗಳ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. 2025ರ ಜನವರಿಯಲ್ಲಿ ಮರುಪರಿಶೀಲನೆಯ ಅರ್ಜಿಗಳೂ ಬಿದ್ದವು. ಇದರ ಬಿಸಿ ಅನಿವಾಸಿಗಳಿಗೆ ನೇರವಾಗಿ ತಟ್ಟುತ್ತದೆ. ಅಮೆರಿಕದಲ್ಲಿ 2013ರ ತೀರ್ಪಿನ ನಂತರ ಎಚ್-1ಬಿ ವೀಸಾದವನು ತನ್ನ ಗಂಡನನ್ನು ಎಚ್-4ರಲ್ಲಿ ಕರೆತರಬಹುದು. 2015ರ ಜೂನ್ 26ರಿಂದ ಐವತ್ತು ರಾಜ್ಯಗಳಲ್ಲೂ ಅಂಥ ಮದುವೆ ಮಾನ್ಯ. ಅದನ್ನು ಅಲುಗಿಸುವ ಅರ್ಜಿಯೊಂದನ್ನು ಅಲ್ಲಿನ ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ ಕೈಗೆತ್ತಿಕೊಳ್ಳಲೂ ನಿರಾಕರಿಸಿತು. (1990ರವರೆಗೆ ಸಲಿಂಗಿ ಎಂಬ ಕಾರಣಕ್ಕೆ ವೀಸಾವನ್ನೇ ತಡೆಯಬಹುದಾಗಿದ್ದ ದೇಶ ಇದು.) ಆದರೆ ಅದೇ ದಂಪತಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದ ಕ್ಷಣ ಕಾನೂನಿನ ಕಣ್ಣಿಗೆ ಇಬ್ಬರು ಗೆಳೆಯರು. ಸಿಂಗಾಪುರದಲ್ಲಿ 377ಎ ಕಲಂ 2023ರ ಜನವರಿಯಲ್ಲಿ ಪುಸ್ತಕದಿಂದ ಹೋಯಿತು. ಕೊಲ್ಲಿ ದೇಶಗಳಲ್ಲಿರುವ ನಮ್ಮವರಿಗಂತೂ ಈ ಮಾತನ್ನು ಫೋನಿನಲ್ಲಿ ಆಡಲೂ ಭಯ. ಅಲ್ಲಿ ಹಲವೆಡೆ ಇದು ಇಂದಿಗೂ ಜೈಲಿನ ಅಪರಾಧ. ಆ ಮನೆಗಳ ಮಕ್ಕಳಿಗೆ ಅಂತರ್ಜಾಲವೂ ಸುರಕ್ಷಿತವಲ್ಲ, ಇದನ್ನು ನೆನಪಿಟ್ಟುಕೊಂಡೇ ಬರೆಯುತ್ತಿದ್ದೇವೆ.

ಈಗ ಮೊದಲಿನ ಮಾತಿಗೆ ಬರೋಣ. ವಯಸ್ಸಿನ ಬಾಗಿಲು ಹಾಕಿದರೆ ಏನಾಗುತ್ತದೆ? ಆಸ್ಟ್ರೇಲಿಯಾದ ಕಾನೂನು ಓದುವುದನ್ನೇ ನಿಲ್ಲಿಸಿಲ್ಲ, ಖಾತೆಯನ್ನು ಮಾತ್ರ ನಿಲ್ಲಿಸಿದೆ. ಹಾಗಾಗಿ ಮೊದಲ ಮೆಟ್ಟಿಲು, ಸುಮ್ಮನೆ ಓದುವುದು, ಕೆಲಮಟ್ಟಿಗೆ ಉಳಿದಿದೆ. ಹೋಗಿರುವುದು ಎರಡನೆಯ ಮೆಟ್ಟಿಲು, ಪ್ರಶ್ನೆ ಕೇಳುವುದು. ಭಾರತದ ಕಾಯಿದೆ ಇನ್ನೂ ಮುಂದೆ ಹೋಗಿ ಹದಿನೆಂಟರವರೆಗೆ ಅಪ್ಪನ ಅನುಮತಿ ಕೇಳುತ್ತದೆ. ಸಲಿಂಗಿಗಳ ಕೂಟ ಸೇರಲು ಅಪ್ಪನ ಅನುಮತಿ ಕೇಳುವ ಹುಡುಗಿಯನ್ನು ಊಹಿಸಿಕೊಳ್ಳಿ. ಅನುಮತಿ ಕೇಳುವ ಧೈರ್ಯವಿದ್ದಿದ್ದರೆ ಆಕೆಗೆ ಆ ಕೂಟದ ಅಗತ್ಯವೇ ಅಷ್ಟಾಗಿ ಇರುತ್ತಿರಲಿಲ್ಲ! ಇತ್ತ ಅಮೆರಿಕದಲ್ಲಿ ಆತ್ಮಹತ್ಯೆ ತಡೆಯುವ 988 ಸಹಾಯವಾಣಿಯಲ್ಲಿ ಇಂಥ ಹದಿಹರೆಯದವರಿಗಾಗಿಯೇ ಇದ್ದ ಮೂರನೆಯ ಆಯ್ಕೆಯನ್ನು 2025ರ ಜುಲೈ 17ರಂದು ಮುಚ್ಚಲಾಯಿತು. 988 ಎಲ್ಲರಿಗೂ ಇದೆ, 1998ರಲ್ಲಿ ಆರಂಭವಾದ 'ಟ್ರೆವರ್ ಪ್ರಾಜೆಕ್ಟ್' ತನ್ನದೇ ಸಹಾಯವಾಣಿಯನ್ನು ದಿನದ 24 ಗಂಟೆಯೂ ನಡೆಸುತ್ತಿದೆ. ಆದರೂ ಒಂದೊಂದೇ ಕಿಟಕಿ ಮುಚ್ಚುತ್ತಿರುವುದು ನಿಜ. ಕಂಪನಿಗಳೇ ಎಳೆದುಕೊಂಡ ಕಿಟಕಿಗಳೂ ಇವೆ. 2014ರಲ್ಲಿ ಆರ್ಕುಟ್ ಹೋಯಿತು, 2020ರ ಡಿಸೆಂಬರಿನಲ್ಲಿ ಯಾಹೂ ಗುಂಪುಗಳು ಹೋದವು. ಒಂದು ತಲೆಮಾರಿನ ಸಲಿಂಗಿಗಳ ಪಿಸುಮಾತೆಲ್ಲ ಅವುಗಳ ಜೊತೆಗೇ ಹೋಯಿತು.

ಕಾನೂನೇ ಬೇಡ ಎಂದು ನಾವು ಹೇಳುತ್ತಿಲ್ಲ. ಹದಿಮೂರರ ಹುಡುಗನನ್ನು ವಯಸ್ಕರ ಆ್ಯಪ್‌ಗೆ ಬಿಡಬೇಕೆಂದು ಯಾವ ತಾಯಿ ಹೇಳುತ್ತಾಳೆ? ಹೊರಗಿನ ಬಾಗಿಲು ಹಾಕಿದ ಮೇಲೆ ಆ ಪ್ರಶ್ನೆ ಮನೆಯೊಳಗೇ ಬಂದು ನಿಲ್ಲುತ್ತದೆ, ನಾವು ಉತ್ತರಿಸಲು ತಯಾರಾಗಿದ್ದೇವೆಯೇ ಎಂಬುದಷ್ಟೇ ನಮ್ಮ ಪ್ರಶ್ನೆ.

ತಯಾರಾಗದವರಿಗೂ ದಾರಿಯಿದೆ, ತಮಾಷೆಯೆಂದರೆ ಅದೂ ಅಂತರ್ಜಾಲದಲ್ಲೇ ಇದೆ. ಮಗ ಹೇಳಿದ ರಾತ್ರಿ ಅಮ್ಮ ಏನು ಮಾಡುತ್ತಾಳೆ? ಪಾಟ್‌ಲಕ್‌ನಲ್ಲಿ ಕೇಳುವಂತಿಲ್ಲ, ಊರಿಗೆ ಫೋನ್ ಮಾಡಿ ಅಕ್ಕನಿಗೆ ಹೇಳುವಂತಿಲ್ಲ. ಎಲ್ಲರೂ ಮಲಗಿದ ಮೇಲೆ ಕಂಪ್ಯೂಟರ್ ಮುಂದೆ ಕೂತು, ಹೆಸರು ಹಾಕದೆ, ಹುಡುಕುತ್ತಾಳೆ. ತನ್ನಂಥ ಇನ್ನೊಬ್ಬ ತಾಯಿ ಇದ್ದಾಳೆಯೇ ಎಂದು. ಮಗ ಏರಿದ ಮೆಟ್ಟಿಲುಗಳನ್ನೇ ಅಮ್ಮನೂ ಏರಬೇಕು: ಓದುವುದು, ಕೇಳುವುದು, ಭೇಟಿಯಾಗುವುದು, ಕೊನೆಗೆ ಸ್ವಂತ ಹೆಸರಿನಲ್ಲಿ ಹೇಳುವುದು. ಅಮೆರಿಕದಲ್ಲಿ ಜೀನ್ ಮ್ಯಾನ್‌ಫೋರ್ಡ್ ಎಂಬ ತಾಯಿ 1973ರಲ್ಲಿ ಶುರುಮಾಡಿದ 'ಪಿ-ಫ್ಲಾಗ್' ಇಂದಿಗೂ ಇದೆ. ನಮ್ಮವರಿಗಾಗಿಯೇ ಅರುಣಾ ರಾವ್ ಕಟ್ಟಿದ 'ದೇಸಿ ರೇನ್‌ಬೋ ಪೇರೆಂಟ್ಸ್' ಇದೆ, ಜೂಮ್‌ನಲ್ಲಿ ಸೇರುತ್ತಾರೆ. ಭಾರತದಲ್ಲಿ 'ಸ್ವೀಕಾರ್' ಇದೆ. 2023ರ ಏಪ್ರಿಲಿನಲ್ಲಿ ಮದುವೆಯ ವಿಚಾರಣೆ ನಡೆಯುತ್ತಿದ್ದಾಗ ಆ ಗುಂಪಿನ 400ಕ್ಕೂ ಹೆಚ್ಚು ತಂದೆತಾಯಂದಿರು ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದು, ನಮಗೆ ವಯಸ್ಸಾಗುತ್ತಿದೆ, ನಾವಿರುವಾಗಲೇ ಮಕ್ಕಳ ಮದುವೆಗೆ ಕಾನೂನಿನ ಮುದ್ರೆ ನೋಡಬೇಕು ಎಂದು ಕೇಳಿಕೊಂಡರು. ತೀರ್ಪು ಅವರ ಪರ ಬರಲಿಲ್ಲ. ಮಗನಿಗೆ ಹುಡುಗಿ ನೋಡುವ ವಯಸ್ಸಿನ ಅಪ್ಪ ಅಮ್ಮಂದಿರು ಬರೆದ ಪತ್ರ ಅದು.

ನಮ್ಮ ಕೂಟದ ಸದಸ್ಯತ್ವದ ಫಾರ್ಮಿನಲ್ಲಿ ಕುಟುಂಬದ ವಿವರದಡಿ ಇಂದಿಗೂ ಎರಡು ಸಾಲುಗಳಿವೆ: 'ಪತಿಯ ಹೆಸರು', 'ಪತ್ನಿಯ ಹೆಸರು'. ಇದನ್ನು 'ಸದಸ್ಯರು 1', 'ಸದಸ್ಯರು 2' ಎಂದು ಬದಲಿಸಲು ಹತ್ತು ನಿಮಿಷದ ಕೆಲಸ ಎಂದು ನಮ್ಮ ತಾಣ ನೋಡಿಕೊಳ್ಳುವ ಗೆಳೆಯರು ಹೇಳುತ್ತಾರೆ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಗೆ ಈ ವಿಷಯವನ್ನು ನಾವೇ ಒಯ್ಯುತ್ತಿದ್ದೇವೆ. ಪರ ವಿರೋಧ ಏನೇ ಇದ್ದರೂ ಬರೆದು ತಿಳಿಸಿ, ಹೆಸರು ಹಾಕದಿದ್ದರೂ ಓದುತ್ತೇವೆ.